ಫಕ್ಕೀರಮ್ಮನ ಪುಟ

ಕಳೆದ ವಾರ ಹೊಸಪೇಟೆಯ ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ ನನ್ನ ಹಳೆಯ ಕಂಪ್ಯೂಟರಿನ ಡಬ್ಬ ಸಿಕ್ಕಿತು. ಗುಜರಿಯವನಿಗೆ ಕೊಡುವ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳೋಣವೆಂದು ಅಂಗಳದಲ್ಲಿ ಕೂತು ತಿರುಪು ತೆಗೆದೆ. ಮುಚ್ಚಳ ಸರಿಸಿದ್ದೇ ತಡ, ಒಳಗಿನ ಫ್ಯಾನಿನ ಸುತ್ತ ಹೆಪ್ಪುಗಟ್ಟಿದ್ದ ಕೆಂಪು ಹುಡಿ ಉದುರಿ ಮಡಿಲಿಗೆ ಬಿತ್ತು. ಅದರ ಜೊತೆಗೆ ಆ ವಾಸನೆಯೂ ಬಂತು, ಬಿಸಿಯಾದ ಹಳೆ ಕಬ್ಬಿಣದ್ದು, ಸ್ವಲ್ಪ ರಕ್ತದ ವಾಸನೆಯಂತೆಯೂ ಇರುವಂಥದ್ದು. ನನ್ನ ಗಂಡ ಬಗ್ಗಿ ನೋಡಿ “ತುಕ್ಕು ಹಿಡಿದುಹೋಗಿದೆ” ಎಂದರು. ತುಕ್ಕಲ್ಲ, ಅದು ಅದಿರು ಎಂದೆ. ಹೇಳಿದ ದನಿ ನನಗೇ ಒರಟಾಗಿ ಕೇಳಿಸಿತು. ಅವರು ಒಳಗೆ ಹೋದರು. ಆ ಹುಡಿಯನ್ನು ಸೀರೆಯಿಂದ ಕೊಡವಲು ಹೋದರೆ ಇನ್ನಷ್ಟು ಹರಡಿತು. ಅದರ ಗುಣವೇ ಹಾಗೆ, ಮರೆತಿದ್ದೆ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲ ಅದು. ಗುಡ್ಡಗಳನ್ನು ಕೆರೆದು ಹಡಗಿಗೆ ತುಂಬುತ್ತಿದ್ದ ಕಾಲ. ಹೊಸಪೇಟೆಯಲ್ಲಿ ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ದೊಡ್ಡ ಕಾರಿನ ಕಿಟಕಿ ಇಳಿಸಿ ವಿಳಾಸ ಕೇಳುತ್ತಿದ್ದ. ಕಂಪ್ಲಿಯ ನೀರು ನಿಂತ ಗದ್ದೆಗಳ ನಡುವೆ ಬೆಳೆದು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು, ಸಂಡೂರಿನ ಗುಡ್ಡದ ಮೇಲಿನ ಒಂದು ಖಾಸಗಿ ಗಣಿಯ ಪ್ರಯೋಗಶಾಲೆಗೆ ಸೇರಿ ಒಂದು ವರ್ಷವಾಗಿತ್ತು. ಅದಿರಿನಲ್ಲಿ ಕಬ್ಬಿಣ ನೂರಕ್ಕೆ ಎಷ್ಟು ಎಂದು ಹೇಳುವುದು ನನ್ನ ಕೆಲಸ. ದಿನಗೂಲಿಯವರನ್ನು ಬಿಟ್ಟರೆ ಇಡೀ ಕ್ಯಾಂಪಿಗೆ ನೌಕರಿಯ ಹೆಣ್ಣು ನಾನೊಬ್ಬಳೇ. ಹಾಗಾಗಿ ಗೋಡೌನಿನ ಪಕ್ಕ ತಗಡಿನ ಮಾಡಿನ ಒಂದು ಕೋಣೆ ನನಗೇ ಕೊಟ್ಟಿದ್ದರು. ಕಿಟಕಿ ಇತ್ತು, ತೆರೆಯುವಂತಿರಲಿಲ್ಲ. ಬೇಸಿಗೆಯಲ್ಲಿ ತೆರೆದರೆ ಧೂಳು, ಮಳೆಯಲ್ಲಿ ತೆರೆದರೆ ಕೆಂಪು ಎರಚಲು. ಗೇಟಿನಿಂದ ಆಚೆ ಹೋಗಬೇಕೆಂದರೆ ಮ್ಯಾನೇಜರ್ ಸಹಿ ಹಾಕಿದ ಚೀಟಿ ಬೇಕು. ಕಂಪ್ಲಿಗೆ ಹೋಗಿ ಅವ್ವನ ಕೈಯ ಅನ್ನ ಉಂಡು ಎರಡು ತಿಂಗಳಾಗಿತ್ತು.

ಚೀಟಿಗಿಂತ ಗಟ್ಟಿಯಾದ ಇನ್ನೊಂದು ಕಟ್ಟು ಇತ್ತು. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ಸಂಗನಗೌಡರು ನನ್ನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಎಲ್ಲವನ್ನೂ ಮೂಲಪ್ರತಿಯಲ್ಲೇ ಕೇಳಿ ಇಸಿದುಕೊಂಡಿದ್ದರು. “ಕೋಣ್ಯಾಗ ಇಟ್ಟಿ ಅಂದ್ರ ಇಲಿ ತಿಂತಾವ. ನಮ್ಮ ಕಪಾಟಿನಾಗ ಭದ್ರ ಇರ್ತಾವು, ತಾರವಾ” ಎಂದಿದ್ದರು. ಆ ಕಬ್ಬಿಣದ ಕಪಾಟಿನಲ್ಲಿ ಡಂಪರ್ ಚಾಲಕರ ಲೈಸೆನ್ಸುಗಳಿಂದ ಹಿಡಿದು ಸರ್ವೇಯರನ ಡಿಪ್ಲೊಮಾವರೆಗೆ ಎಲ್ಲರ ಕಾಗದಗಳೂ ಇದ್ದವು. ಗಣಿಗಳಲ್ಲಿ ಅದು ರೂಢಿ. ಒಬ್ಬರ ಆಳನ್ನು ಇನ್ನೊಬ್ಬರು ಸೆಳೆದುಕೊಳ್ಳಲು ಕಂಪನಿಗಳು ಪೈಪೋಟಿಗೆ ಬಿದ್ದಿದ್ದಾಗ, ಆಳು ಓಡಿಹೋಗದಿರಲಿ ಎಂದು ಮಾಡಿದ ಉಪಾಯ. ನಾನು ಕಡತವನ್ನು ಕೈಯಾರೆ ಕೊಟ್ಟು, ಥ್ಯಾಂಕ್ಸ್ ಸರ್ ಎಂದು ಬೇರೆ ಹೇಳಿ ಬಂದಿದ್ದೆ.

ಜೂನ್ ತಿಂಗಳಲ್ಲಿ ಕಂಪ್ಲಿಯ ಒಂದು ಕಾಲೇಜಿನಿಂದ ಪತ್ರ ಬಂತು. ಉಪನ್ಯಾಸಕಿಯ ಕೆಲಸ ನಿಮಗೇ ಆಗಿದೆ, ದಸರಾ ರಜೆಗೆ ಮುಂಚೆ ಮೂಲ ದಾಖಲೆ ತಂದು ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿನ ಮುಂದಿನವರಿಗೆ ಹೋಗುತ್ತದೆ ಎಂದಿತ್ತು. ಆ ಪತ್ರವನ್ನು ಎಷ್ಟು ಸಲ ಓದಿದೆನೋ, ಮಡಿಕೆಯ ಜಾಗದಲ್ಲಿ ಹರಿದುಹೋಯಿತು. ನನಗೆ ಪಾಠ ಹೇಳುವ ಆಸೆ ಚಿಕ್ಕಂದಿನಿಂದಲೂ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಗುಡ್ಡದಿಂದ ಇಳಿಯುವ ಆಸೆ ಇತ್ತು. ಸಂಗನಗೌಡರ ಮುಂದೆ ನಿಂತು ಕಾಗದ ಕೇಳಿದೆ.

ಅವರು ಕೂಗಾಡುವ ಮನುಷ್ಯನಲ್ಲ. ಅದೇ ಕಷ್ಟ. ನಗುತ್ತಲೇ, “ಕುಂದ್ರವಾ ಗಿರಿಜಾ. ನಾ ಬ್ಯಾಡ ಅಂತೀನೇನು? ಲ್ಯಾಬ್ ನೋಡಾಕ ಸೆಪ್ಟೆಂಬರದಾಗ ಹೊರಗಿನವ್ರು ಬರ್ತಾರ. ಅವ್ರು ಸೈ ಅಂದ್ರ ನಮ್ಮ ರಿಪೋರ್ಟ್‌ಗೆ ಹೊರದೇಶದಾಗ ಕಿಮ್ಮತ್ತು. ಅವ್ರಿಗೆ ತೋರ್ಸಾಕ ಲ್ಯಾಬಿನ ಕೈಪಿಡಿ ಒಂದು ಬೇಕು. ಅದನ್ನ ಛಲೋತ್ನಾಗ ಮಾಡಿಕೊಟ್ಟು, ನಿನ್ನ ಕಾಗದ ತಗೊಂಡು ಆರಾಮ ಹೋಗು” ಎಂದರು.

ಮೂರು ತಿಂಗಳು, ಒಂದು ಕೈಪಿಡಿ. ಅದೇನು ಮಹಾ ಎಂದುಕೊಂಡೆ. ಅಲ್ಲೇ ನನ್ನ ಜಾಣತನ ನನಗೆ ಮುಳುವಾಯಿತು. ಸುಮ್ಮನೆ ನಲವತ್ತು ಹಾಳೆ ಟೈಪು ಮಾಡಿ ಕೊಟ್ಟಿದ್ದರೆ ಅವರು ತಿರುವಿ ಹಾಕಿ ಸಹಿ ಮಾಡುತ್ತಿದ್ದರು. ನಾನು ವಿಕಿ ಮಾಡಲು ಹೊರಟೆ.

ಹೊಸಪೇಟೆಯಲ್ಲಿ ಸೈಬರ್ ಕೆಫೆ ಇಟ್ಟಿದ್ದ ಸಲೀಂ ಕಾಲೇಜಿನಲ್ಲಿ ನನ್ನ ಸಹಪಾಠಿ. ಮೊದಲ ಸಂಬಳದಲ್ಲಿ ನನಗೆ ಕಂಪ್ಯೂಟರ್ ಜೋಡಿಸಿ ಕೊಟ್ಟವನೂ ಅವನೇ. ಅವನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ ಒಂದು ಫೈಲು ನನ್ನ ಬಳಿ ಇತ್ತು. ಇಂಟರ್ನೆಟ್ಟು ಬೇಡ, ಏನೂ ಬೇಡ. ಆ ಒಂದೇ ಫೈಲನ್ನು ಬ್ರೌಸರಿನಲ್ಲಿ ತೆರೆದರೆ ಅದೇ ನಿಮ್ಮ ನೋಟ್‌ಬುಕ್ಕು, ಅದಕ್ಕೇ ವಿಕಿ ಎನ್ನುವುದು. ಎಷ್ಟು ಪುಟ ಬೇಕಾದರೂ ಬರೆಯಬಹುದು, ಒಂದು ಪುಟದ ಪದವನ್ನು ಒತ್ತಿದರೆ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಗಣಿಗೆ ಬಂದಾಗಿನಿಂದ ನಾನು ಅದರಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದೆ: ಆಮ್ಲ ಬೆರೆಸುವ ಅಳತೆ, ಸಂಡೂರಿಗೆ ಬಸ್ಸಿನ ಸಮಯ, ಅವ್ವ ಫೋನಿನಲ್ಲಿ ಹೇಳಿದ ಮಾತು. ಬರೆದಿಡದ ಸಂಗತಿ ನಡೆದೇ ಇಲ್ಲವೇನೋ ಎಂಬಂಥ ಒಂದು ಚಟ ನನ್ನದು. ಕೈಪಿಡಿಗೆ ಬೇಕಾದ ಅರ್ಧಕ್ಕರ್ಧ ಅದರಲ್ಲೇ ಇತ್ತು. ಅದನ್ನೇ ತಿದ್ದಿ ತೀಡಿದರೆ ಆಯಿತಲ್ಲ?

ಆ ಫೈಲಿನಲ್ಲಿ ಬಣ್ಣ, ಅಕ್ಷರ, ಅಂಚು ಎಲ್ಲದಕ್ಕೂ ಬೇರೆಯದೇ ಒಂದು ಪುಟವಿತ್ತು. ಸಿ.ಎಸ್.ಎಸ್. ಎಂಬ ಸಣ್ಣ ಭಾಷೆಯಲ್ಲಿ ಅದರಲ್ಲಿ ಅಪ್ಪಣೆ ಬರೆದರೆ, ವಿಷಯ ಒಂದಕ್ಷರವೂ ಬದಲಾಗದೆ ಇಡೀ ಪುಸ್ತಕದ ವೇಷ ಬದಲಾಗುತ್ತದೆ. ಜುಲೈ ಮೊದಲ ವಾರ ಸಂಗನಗೌಡರಿಗೆ ತೋರಿಸಿದೆ. “ತಲೆಬರಹ ನೀಲಿ ಬ್ಯಾಡ. ನಮ್ಮ ಲಾರಿ ಮ್ಯಾಲೆ ಐತೆಲ್ಲ, ಆ ಕೆಂಪು ಮಾಡಾಕ ಬರ್ತೈತೇನು?” ಎಂದರು. ನಾನು ಹೆಮ್ಮೆಯಿಂದ ಅವರ ಎದುರಿಗೇ ಬಣ್ಣದ ಸಂಕೇತದ ಆರು ಅಕ್ಷರ ಬದಲಿಸಿದೆ. ನಲವತ್ತು ಪುಟದ ತಲೆಬರಹವೂ ಒಮ್ಮೆಗೇ ಕೆಂಪಾಯಿತು. ಅವರ ಕಣ್ಣು ಅರಳಿದ್ದನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು.

ಅಂದಿನಿಂದ ದಿನಾ ಸಂಜೆ ಕರೆ ಬರುತ್ತಿತ್ತು. ಅಂಚು ದಪ್ಪ ಮಾಡು. ಸಣ್ಣ ಮಾಡು. ಮೂಲೆ ದುಂಡಗೆ ಬರಲಿ. ಡೈರೆಕ್ಟರ್ ಸಾಹೇಬರಿಗೆ ಹಳದಿ ಆಗಿಬರುತ್ತದಂತೆ, ಎಡಕ್ಕೆ ಹಳದಿ ಹಾಕು. ವಿಷಯದ ಬಗ್ಗೆ ಒಂದು ಮಾತೂ ಇಲ್ಲ. ಮಾದರಿ ತೆಗೆಯುವ ಅಧ್ಯಾಯದಲ್ಲಿ ನಾನು ಬೇಕೆಂದೇ ಒಂದು ತಪ್ಪು ಅಂಕಿ ಹಾಕಿ ನೋಡಿದೆ, ಅವರಿಗೆ ಅದು ಕಾಣಲೇ ಇಲ್ಲ, ಆಮೇಲೆ ನಾನೇ ತಿದ್ದಿದೆ. “ಇನ್ನೊಂದೀಟು ಮಾಡಿದ್ರ ಮುಗೀತವಾ” ಎನ್ನುವುದು ಅವರ ಕೊನೆಯ ಮಾತು, ಪ್ರತಿ ಸಂಜೆಯೂ. ನನ್ನ ಕಾಗದಗಳು ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಇರುತ್ತಿದ್ದವು. ನಾನು ಬಣ್ಣ ಬದಲಿಸುತ್ತಾ ಕೂತಿರುತ್ತಿದ್ದೆ.

ಒಮ್ಮೆಯಂತೂ ಹಿನ್ನೆಲೆಯ ಬಣ್ಣಕ್ಕೇ ಒಂದು ವಾರ ಹೋಯಿತು. ನಾನು ನನ್ನ ಕೋಣೆಯಲ್ಲಿ ಹಿತವಾದ ಕೆನೆಬಣ್ಣ ಆರಿಸಿಕೊಂಡು ಹೋದರೆ ಅವರ ಕಂಪ್ಯೂಟರಿನಲ್ಲಿ ಅದು ಬಿಳಿಚಿಕೊಂಡಿರುತ್ತಿತ್ತು. ಇನ್ನಷ್ಟು ಗಾಢ ಮಾಡಿಕೊಂಡು ಹೋದರೂ ಅದೇ ಕತೆ. ನನ್ನ ಕಣ್ಣೇ ಕೆಟ್ಟಿತೇ ಎಂದು ಹೆದರಿದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ನನ್ನ ಮಾನಿಟರ್ ಒರೆಸಿದಾಗ ಬಟ್ಟೆ ಕೆಂಪಾಗಿ ಬಂತು. ವರ್ಷದಿಂದ ಕೂತ ಧೂಳಿನ ತೆರೆಯ ಮೂಲಕವೇ ನಾನು ಬಣ್ಣ ನೋಡುತ್ತಿದ್ದೆ. ಕೂತು ಅತ್ತೆ, ನಾಚಿಕೆಯೇನಿಲ್ಲ ಹೇಳಲು.

ಆ ಅಳುವನ್ನು ನೋಡಿದವಳು ಫಕ್ಕೀರಮ್ಮ. ಬಂಡ್ರಿ ಕಡೆಯ ಹೆಂಗಸು, ನಲವತ್ತೈದರ ಆಸುಪಾಸು. ಲಾರಿಗಳಿಂದ ತೆಗೆದ ಅದಿರನ್ನು ಲ್ಯಾಬಿನ ಪಕ್ಕದ ಶೆಡ್ಡಿನಲ್ಲಿ ಕುಟ್ಟಿ, ಜರಡಿ ಹಿಡಿದು, ಹುಡಿ ಮಾಡಿ ನನಗೆ ಕೊಡುವ ಕೆಲಸ ಅವಳದು. ದಿನಗೂಲಿ. ಸೆರಗನ್ನು ಬಾಯಿಗೆ ಕಟ್ಟಿಕೊಂಡು ದಿನವಿಡೀ ಆ ಹುಡಿಯ ಮೋಡದಲ್ಲೇ ಇರುತ್ತಿದ್ದಳು. ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲನ್ನಷ್ಟೇ ಉಳಿಸಿಕೊಳ್ಳುವ ಕೆಲಸವಿದೆ. ಪುಸ್ತಕದಲ್ಲಿ ಓದಿ ಬಂದಿದ್ದ ನನಗೆ ಅದನ್ನು ನಿಜವಾಗಿ ಕಲಿಸಿದವಳು ಅವಳು. “ದಪ್ಪನವು ದಡಕ್ಕ ಉರುಳ್ತಾವ, ಸಣ್ಣವು ನಡಕ ನಿಲ್ತಾವ. ನೀ ಬರೇ ಒಂದು ಕಡಿಗಿಂದ ತಗೊಂಡ್ರ ಗುಡ್ಡಕ್ಕ ಮೋಸ ಮಾಡಿದಂಗ” ಎಂದಿದ್ದಳು. ಕೈಪಿಡಿಯ ಮಾದರಿ ತೆಗೆಯುವ ಅಧ್ಯಾಯವೆಲ್ಲ ಅವಳ ಮಾತೇ, ನಾನು ಇಂಗ್ಲಿಷಿಗೆ ಹಾಕಿದ್ದು ಅಷ್ಟೆ.

ಅವಳಿಗೆ ಓದು ಬರಹ ಬಾರದು. ಆದರೆ ಚೀಲಕ್ಕೆ ಕಟ್ಟುವ ಚೀಟಿಯ ಬಣ್ಣ ನೋಡಿ, ಗಟ್ಟಿ ಅದಿರು ನೀಲಿ, ಪುಡಿ ಅದಿರು ಹಳದಿ ಎಂದು ನೂರು ಚೀಲ ಜೋಡಿಸಿದರೂ ಒಂದು ತಪ್ಪುತ್ತಿರಲಿಲ್ಲ. ಮಳೆ ಜೋರಾಗಿ ಲೋಡಿಂಗ್ ನಿಂತಾಗ ನನ್ನ ಕೋಣೆಗೆ ಬಂದು ನೆಲದ ಮೇಲೆ ಕೂತು ಪರದೆ ನೋಡುತ್ತಿದ್ದಳು. ನಾನು ವಿಕಿಯ ಪುಟಗಳ ಎಡ ಅಂಚಿಗೆ ಚೀಟಿಯದೇ ಬಣ್ಣದ ಪಟ್ಟಿ ಹಾಕಿದೆ. ಆಮೇಲೆ ನೋಡಿ, ಅವಳು ನನಗಿಂತ ಜಲ್ದಿ ಪುಟ ಹುಡುಕುತ್ತಿದ್ದಳು. “ಹಳದಿ ಕೆಳಗ ನೀಲಿ ಎರಡು ಅದಾವಲ್ಲ, ಅದರಾಗಿನ ಮ್ಯಾಲಿಂದು” ಎನ್ನುತ್ತಿದ್ದಳು. ಒಂದು ದಿನ ಕೇಳಿದಳು, “ನಂದೂ ಒಂದು ಮಾಡವಾ.”

ಮಾಡಿದೆ. ತಲೆಬರಹಕ್ಕೆ ಅವಳ ಹೆಸರು. ಪಟ್ಟಿಗೆ ಯಾವ ಬಣ್ಣ ಎಂದು ಕೇಳಿ ಬಣ್ಣಗಳ ಸಾಲು ತೋರಿಸಿದೆ. ಸೀರೆ ಅಂಗಡಿಯಲ್ಲಿ ಕೂತಷ್ಟು ಹೊತ್ತು ಕೂತು ಗಿಳಿಹಸಿರು ಆರಿಸಿದಳು. “ಈ ಗುಡ್ಡದಾಗ ಅದೊಂದು ಕಾಣಂಗಿಲ್ಲ ನೋಡು” ಎಂದಳು. ಮೊದಲು ಅವಳ ಕೆಲಸದ ಕ್ರಮ ಬರೆದೆ. ಕ್ರಮೇಣ ಅವಳು ಹೇಳಿದ್ದನ್ನೆಲ್ಲ ಬರೆಯತೊಡಗಿದೆ. ಮಗಳು ರೇಣುಕಾ ಹೊಸಪೇಟೆಯಲ್ಲಿ ನರ್ಸಿಂಗ್ ಓದುತ್ತಿರುವುದು, ಅವಳಿಗೆ ಬಿಳಿ ಬೂಟು ಕೊಡಿಸಿದ್ದು, ಎಲ್ಲ.

ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ಕೆಮ್ಮುತ್ತಾ ಬಂದವಳು ಕೆಮ್ಮು ನಿಂತ ಮೇಲೂ ಗೋಡೆ ಹಿಡಿದುಕೊಂಡೇ ನಿಂತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದೆ. ಹೇಳಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು, “ಯಾರ ಮುಂದೂ ಅನ್ನಬ್ಯಾಡ ಯವ್ವಾ. ಹೋದ ವರ್ಷ ನನ್ನ ಜೋಡಿ ಕುಟ್ಟಾಕಿ ಹುಲಿಗೆವ್ವ ಕೆಮ್ಮಿದ್ಲು ಅಂತ ಮರುದಿನಾನೇ ಗೇಟಿನ್ಯಾಗ ನಿಂದ್ರಿಸಿದ್ರು. ರೇಣುಕಾಂದು ಇನ್ನೊಂದು ವರ್ಷ ಐತಿ. ಅದು ಮುಗೀಲಿ, ನಾನೇ ಬಿಡ್ತೀನಿ” ಎಂದಳು. ಮಾತು ಕೊಟ್ಟೆ.

ಮಾತು ಕೊಟ್ಟು, ಅವಳು ಹೋದ ಮೇಲೆ ಅವಳ ಪುಟ ತೆರೆದು ಬರೆದೆ. ಕನ್ನಡ ಲಿಪಿ ಮ್ಯಾನೇಜರ್ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದುದರಿಂದ ನಾನು ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಿದ್ದೆ. ‘ಫಕ್ಕೀರಮ್ಮಗೆ ತಿಂಗಳಿಂದ ಕೆಮ್ಮು. ರಾತ್ರಿ ಮಲಗಲು ಆಗುವುದಿಲ್ಲ. ಕಫ ಕೆಂಪು. ಅದಿರೋ ರಕ್ತವೋ ಗೊತ್ತಿಲ್ಲ. ಧೂಳು ತಡೆಯುವ ಮುಖವಾಡ ಕೇಳಬೇಕು.’ ನನಗೋಸ್ಕರ ಬರೆದುಕೊಂಡದ್ದು, ಯಾರಿಗೂ ಹೇಳಿದಂತಾಗಲಿಲ್ಲವಲ್ಲ ಎಂಬ ಸಮಾಧಾನ. ಅವಳ ಹೆಸರು ಹೇಳದೆ ಸಂಗನಗೌಡರ ಬಳಿ ಮುಖವಾಡ ಕೇಳಿದ್ದೂ ನಿಜ. ಒಂದು ಪೆಟ್ಟಿಗೆ ಬಂತು. ಎಲ್ಲರೂ ಹಾಕಿಕೊಂಡು ಸಾಲಾಗಿ ನಿಂತ ಫೋಟೊ ತೆಗೆದು ಕೈಪಿಡಿಗೆ ಹಾಕಿಸಿದರು. ಪೆಟ್ಟಿಗೆ ವಾಪಸ್ ಒಳಗೆ ಹೋಯಿತು.

ಆಗಸ್ಟಿನಲ್ಲಿ ಒಂದು ಸಂಜೆ ಅವರು ಪುಟಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಆ ಹೆಸರಿನ ಮೇಲೆ ನಿಲ್ಲಿಸಿದರು. “ಇದೇನಿದು, ಕೂಲಿಯವ್ರ ಹೆಸರ್ಲೆ ಪುಟ? ತಗಿ ತಗಿ.” ಪುಟ ತೆರೆದು ಓದಲಿಲ್ಲ, ಪುಣ್ಯ. ಕೋಣೆಗೆ ಬಂದು ತೆಗೆಯಲು ಕೂತೆ. ಬೇರೆ ಫೈಲಿಗೆ ಅದನ್ನು ಸಾಗಿಸಲು ಹತ್ತು ನಿಮಿಷ ಸಾಕಿತ್ತು. ಆದರೆ ನಾನು ಆಗ ಸಿ.ಎಸ್.ಎಸ್. ಅಮಲಿನಲ್ಲಿದ್ದೆ. ಇಂಥ ಗುರುತಿನ ಪುಟ ಕಾಣಿಸಬೇಡ ಎಂದು ಒಂದೇ ಸಾಲು ಬರೆದರೆ, ಪುಟ ಅಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬರೆದೆ. ಮಾಯವಾಯಿತು. ಮ್ಯಾನೇಜರಿಗೂ ಸೈ, ನನಗೂ ಸೈ ಎಂದು ಒಬ್ಬಳೇ ನಕ್ಕೆ.

ಮಾರನೆಯ ದಿನ ಫಕ್ಕೀರಮ್ಮ ಪರದೆ ನೋಡಿ, “ನನ್ನ ಹಸಿರು ಎಲ್ಲಿ ಹೋತು?” ಎಂದಳು.

“ಐತಿ. ಕಾಣಂಗಿಲ್ಲ ಅಷ್ಟ.”

“ಕಾಣದಿದ್ರ ಐತಿ ಅಂತ ಹೆಂಗ ತಿಳೀಬೇಕು?”

ಆ ಸಾಲನ್ನು ಅಳಿಸಿ ತೋರಿಸಿ, ಮತ್ತೆ ಬರೆದು ಮುಚ್ಚಿದೆ. “ಮಸ್ತ್ ಐತಿ ಬಿಡು ನಿನ್ನ ಆಟ” ಎಂದು ನಕ್ಕು ಶೆಡ್ಡಿಗೆ ಹೋದಳು. ಅದರಲ್ಲಿ ಕೆಮ್ಮಿನ ವಿಷಯವೂ ಇದೆ ಎಂದು ನಾನು ಅವಳಿಗೆ ಹೇಳಲಿಲ್ಲ.

ಅದೇ ವಾರ ಕೈಪಿಡಿಯ ನಾಲ್ಕು ಹಾಳೆ ಮುದ್ರಿಸಿ ನೋಡಿದೆವು. ಲಾರಿಯ ಕೆಂಪು, ಡೈರೆಕ್ಟರರ ಹಳದಿ ಎಲ್ಲ ಸೇರಿ ಪ್ರಿಂಟರಿನ ಶಾಯಿಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟವು. “ಇಂಕು ಏನು ತುಂಗಭದ್ರಾ ಕಾಲುವೆದಾಗ ಹರ್ದು ಬರ್ತೈತೇನು?” ಎಂದರು ಸಂಗನಗೌಡರು. ಸಲೀಮನಿಗೆ ಫೋನ್ ಮಾಡಿದೆ. “ಸಿ.ಎಸ್.ಎಸ್. ಅಪ್ಪಣೆ ಬರೆದಿದ್ದನ್ನೆಲ್ಲ ಒಂದು ಆವರಣದೊಳಗೆ ಹಾಕಿ, ‘ಪರದೆಗೆ ಮಾತ್ರ’ ಅಂತ ಸೇರಿಸು. ಕಾಗದದ ಮ್ಯಾಲೆ ಬರೇ ಕಪ್ಪು ಅಕ್ಷರ ಬರ್ತಾವ” ಎಂದ. ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಆ ಆವರಣದೊಳಗೆ ತಳ್ಳಿದೆ. ಪರೀಕ್ಷಿಸಿ ನೋಡಲು ಶಾಯಿ ಇರಲಿಲ್ಲ. ಹೊಸ ಕಾರ್ಟ್ರಿಜ್ಜು ಬಂದದ್ದು ತಪಾಸಣೆಯ ಹಿಂದಿನ ದಿನ.

ಸೆಪ್ಟೆಂಬರ್ ಹೇಗೆ ಕಳೆಯಿತೋ. ಮಳೆ ಬಿಡಲಿಲ್ಲ, ತಗಡಿನ ಮೇಲೆ ಬೀಳುವ ಸದ್ದಿನಲ್ಲಿ ನನ್ನ ಯೋಚನೆಯೂ ನನಗೆ ಕೇಳಿಸುತ್ತಿರಲಿಲ್ಲ. ಕಾಲೇಜಿನ ಪ್ರಾಂಶುಪಾಲರು ಎರಡು ಸಲ ಅವ್ವನಿಗೆ ಫೋನ್ ಮಾಡಿಸಿದ್ದರು. ಎರಡನೆಯ ಸಲ, ದಸರಾಕ್ಕೆ ಇನ್ನು ಹತ್ತು ದಿನ, ಮುಂದಿನವಳು ದಾಖಲೆ ಹಿಡಿದುಕೊಂಡು ಕಾಯುತ್ತಿದ್ದಾಳೆ ಎಂದಿದ್ದರಂತೆ. “ಕಪಾಟಿನ ಕೀಲಿ ಮುರ್ಕೊಂಡರ ಬಾರವ್ವಾ” ಎಂದಳು ಅವ್ವ. ನಾನು ಕಪಾಟಿನ ಬಣ್ಣವೂ ಬದಲಿಸಲಾರದವಳು, ಬೀಗ ಎಲ್ಲಿ ಮುರಿಯಲಿ? ಕನಸಿನಲ್ಲೂ ಆ ಆರು ಅಕ್ಷರದ ಬಣ್ಣದ ಸಂಕೇತಗಳು ಬರುತ್ತಿದ್ದವು.

ತಪಾಸಣೆಯವರು ಚೆನ್ನೈ ಕಡೆಯ ಹಿರಿಯರು, ಸೌಮ್ಯ ಮನುಷ್ಯ. ಕನ್ನಡ ಬಾರದು. ಲ್ಯಾಬು ನೋಡಿದರು, ತಕ್ಕಡಿ ನೋಡಿದರು. ಶೆಡ್ಡಿನಲ್ಲಿ ಅವತ್ತು ಫಕ್ಕೀರಮ್ಮ ಹೊಸ ಮುಖವಾಡ ಹಾಕಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ಆಮೇಲೆ ಮ್ಯಾನೇಜರ್ ಕೋಣೆಯಲ್ಲಿ ಕೈಪಿಡಿಯನ್ನು ಪರದೆಯ ಮೇಲೆ ನೋಡಿ ತಲೆದೂಗಿದರು. ಮಾದರಿ ತೆಗೆಯುವ ಅಧ್ಯಾಯ ಇಷ್ಟು ಸ್ಪಷ್ಟವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದರು. ಸಂಗನಗೌಡರು ನನ್ನ ಕಡೆ ನೋಡಿ ಕಪಾಟಿನ ಕಡೆ ಕಣ್ಣು ಹಾಯಿಸಿದರು. ನನ್ನ ಎದೆ ಹಗುರವಾಯಿತು. ಆಗ ತಪಾಸಣೆಯವರು, ಕಡತಕ್ಕೆ ಒಂದು ಕಾಗದದ ಪ್ರತಿ ಕೊಡಿ, ಎಲ್ಲ ಪುಟವೂ ಇರಲಿ ಎಂದರು.

ಎಲ್ಲ ಪುಟ ತೆರೆದು ಮುದ್ರಣ ಒತ್ತಿದೆ. ಹಾಳೆಗಳು ಒಂದೊಂದಾಗಿ ಬರತೊಡಗಿದವು. ಬಣ್ಣವಿಲ್ಲ, ಅಂಚಿಲ್ಲ, ಅಚ್ಚುಕಟ್ಟಾದ ಕಪ್ಪು ಅಕ್ಷರ. ಸಲೀಮನ ಉಪಾಯ ಫಲಿಸಿದ್ದಕ್ಕೆ ಖುಷಿಯಾಗುತ್ತಿದ್ದಾಗಲೇ ಫಕ್ಕೀರಮ್ಮನ ಹೆಸರು ಹೊತ್ತ ಹಾಳೆ ಹೊರಗೆ ಬಂತು. ಮರೆ ಮಾಡಿದ ಆ ಒಂದು ಸಾಲೂ ‘ಪರದೆಗೆ ಮಾತ್ರ’ದ ಒಳಗೇ ಇತ್ತು. ಪರದೆಯಲ್ಲಿ ಮುಚ್ಚಿದ್ದು ಕಾಗದದ ಮೇಲೆ ಬಟಾಬಯಲಾಯಿತು. ನಾನು ಕೈ ಚಾಚುವಷ್ಟರಲ್ಲಿ ತಪಾಸಣೆಯವರು ಅದನ್ನು ಎತ್ತಿಕೊಂಡಿದ್ದರು.

ಇದು ಯಾವ ಭಾಷೆ, ಈ ಫಕ್ಕೀರಮ್ಮ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರ ಭುಜದ ಮೇಲಿನಿಂದ ಬಗ್ಗಿ ಸಂಗನಗೌಡರು ಓದುತ್ತಿದ್ದರು. ಅವರ ತುಟಿ ಆಡುವುದು ನಿಂತಿತು. ನನ್ನನ್ನು ನೋಡಿದರು.

ನಿಜ ಹೇಳಬಹುದಿತ್ತು. ಆ ಮನುಷ್ಯ ಕೇಳಿಸಿಕೊಳ್ಳುತ್ತಿದ್ದರೇನೋ. ಆದರೆ ನಿಜ ಹೇಳಿದರೆ ಕಪಾಟು ತೆರೆಯುವುದಿಲ್ಲ, ಅವಳ ಕೆಲಸವೂ ಉಳಿಯುವುದಿಲ್ಲ ಎಂದು ಆ ಒಂದು ಕ್ಷಣದಲ್ಲಿ ಲೆಕ್ಕ ಹಾಕಿದೆ. ಈಗ ಯೋಚಿಸಿದರೆ ಲೆಕ್ಕದಲ್ಲಿ ಕಪಾಟೇ ಮೊದಲು ಬಂದಿತ್ತು. ನಗು ತಂದುಕೊಂಡು ಹೇಳಿದೆ: ಅದು ನಮ್ಮ ಹಳೇ ಕ್ರಷರ್, ಅದಿರು ಕುಟ್ಟುವ ಯಂತ್ರದ ಹೆಸರು ಸರ್. ಇಲ್ಲಿಯವರು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ತಿಂಗಳಿಂದ ಸದ್ದು ಮಾಡುತ್ತಿದೆ, ರಾತ್ರಿ ನಿಲ್ಲುವುದಿಲ್ಲ, ಕೆಂಪಗೆ ಎಣ್ಣೆ ಸೋರುತ್ತಿದೆ. ಅದನ್ನೇ ಗುರುತು ಮಾಡಿಕೊಂಡಿದ್ದೇನೆ.

ಅವರು ಜೋರಾಗಿ ನಕ್ಕರು. ನಮ್ಮೂರಲ್ಲೂ ನೀರಿನ ಪಂಪಿಗೆ ಅಜ್ಜಿಯ ಹೆಸರಿಟ್ಟಿದ್ದಾರೆ ಎಂದರು. ಸಂಗನಗೌಡರು ಅವರಿಗಿಂತ ಜೋರಾಗಿ ನಕ್ಕರು. ನಗು ಮುಗಿದ ಮೇಲೆ ತಪಾಸಣೆಯವರು ಪೆನ್ನು ತೆಗೆದು, ಆದರೂ ಬರೆಯಬೇಕಾಗುತ್ತದೆ, ಇಂಥದ್ದರಿಂದ ಮಾದರಿ ಕೆಡುತ್ತದೆ ಎನ್ನುತ್ತಾ ವರದಿಯಲ್ಲಿ ಒಂದು ಸಾಲು ಸೇರಿಸಿದರು: ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು.

ಅವರ ಕಾರು ಗೇಟು ದಾಟಿದ ಮೇಲೆ ಸಂಗನಗೌಡರು ಕಪಾಟು ತೆರೆದು ನನ್ನ ಕಡತ ಮೇಜಿನ ಮೇಲಿಟ್ಟರು. “ಭಾಳ ಶ್ಯಾಣ್ಯಾಕಿ ಅದಿ ನೀನು. ಕಾಲೇಜಿನಾಗ ಚಾಕ್ ಹಿಡ್ಕೊಂಡು ಏನು ಮಾಡ್ತಿ? ನಮ್ಮಂಥಲ್ಲೇ ಇರಬೇಕು ಇಂಥವ್ರು.” ಅವರು ಮನಸಾರೆ ಹೊಗಳುತ್ತಿದ್ದರು.

“ಫಕ್ಕೀರಮ್ಮಂದು ಏನ್ಮಾಡ್ತೀರಿ ಸರ್?” ಎಂದೆ.

“ವರದಿದಾಗ ಬರದಾರಲ್ಲ, ಅದನ್ನ ಮಾಡ್ತೀವಿ. ಕೆಮ್ಮೋರನ್ನ ಇಟ್ಕೊಂಡು ನಾಳೆ ಏನರ ಆದ್ರ ಯಾರು ಜವಾಬ್ದಾರಿ? ವಡ್ಡು ಊರಿಂದ ಇಬ್ರು ಬರ್ತೀವಿ ಅಂದಾರ, ವಯಸ್ಸಿನವ್ರು.”

“ದವಾಖಾನಿಗಾದ್ರೂ ತೋರಿಸ್ರಿ ಸರ್. ನಮ್ಮ ಕೆಲಸದಾಗ ಬಂದ ಕೆಮ್ಮದು.”

“ಗಿರಿಜಾ,” ಎಂದರು, ಅದೇ ನಗು. “ನಿನ್ನ ಕಾಗದ ತಗೊಂಡು ಹೋಗು.”

ತೆಗೆದುಕೊಂಡೆ. ಕಡತವನ್ನು ಮೇಜಿನ ಮೇಲೆ ವಾಪಸ್ ಇಟ್ಟು, ಅವಳನ್ನು ತೆಗೆದರೆ ಆ ಚೆನ್ನೈನವರಿಗೆ ನಾನೇ ಪತ್ರ ಬರೆಯುತ್ತೇನೆ ಎಂದು ಹೇಳಬಹುದಿತ್ತು ಎಂಬ ಮಾತು ನನಗೆ ಹೊಳೆದದ್ದು ಬಾಗಿಲು ದಾಟಿದ ಮೇಲೆ. ಹೊಳೆದ ಮೇಲೂ ಹಿಂತಿರುಗಲಿಲ್ಲ.

ಮರುದಿನ ಬೆಳಿಗ್ಗೆ ಟ್ರಂಕು, ಕಂಪ್ಯೂಟರ್ ಎಲ್ಲ ಏರಿಸಿ ಸಿಬ್ಬಂದಿ ಬಸ್ಸು ಹತ್ತಿದೆ. ಗೇಟಿನ ಬಳಿ ಬಸ್ಸು ನಿಂತಿತು. ಊಟದ ಬುತ್ತಿ ಹಿಡಿದು ಫಕ್ಕೀರಮ್ಮ ಹತ್ತಿದಳು. ಕೆಲಸಕ್ಕೆಂದು ಬಂದವಳನ್ನು ಗೇಟಿನಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ದರು. ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು, ಆದರೆ ನನ್ನನ್ನು ಕಂಡು ನೇರ ಬಂದು ಪಕ್ಕದಲ್ಲಿ ಕೂತಳು. ಗೇಟು ದಾಟಿ ಎರಡು ತಿರುವು ಇಳಿದಿರಲಿಕ್ಕಿಲ್ಲ, ಕೆಸರಿನಲ್ಲಿ ಒಂದು ಲಾರಿ ಅಡ್ಡ ಮಲಗಿತ್ತು. ಮುಂದೆಯೂ ಲಾರಿ, ಹಿಂದೆಯೂ ಲಾರಿ, ಪಕ್ಕದಲ್ಲೂ ಲಾರಿ. ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಿದ.

“ಸಾಹೇಬ್ರಿಗೆ ಕೆಮ್ಮು ಗೊತ್ತಾಗೇತಿ,” ಎಂದಳು ಫಕ್ಕೀರಮ್ಮ. “ತಿಂಗಳಿಂದ ಐತಿ, ರಾತ್ರಿ ನಿದ್ದಿಲ್ಲ, ಎಲ್ಲಾ ಬರೋಬ್ಬರಿ ಹೇಳಿದ ಆ ವಾಚ್‌ಮನ್. ಯಾರು ಚಾಡಿ ಹೇಳ್ಯಾರೋ. ಲಾರಿ ತೂಕದ ಮನಿ ಹುಡುಗ್ರಿರಬೇಕು, ಅವು ಸುಮ್ನ ಇರೋವಲ್ಲ.”

ಕಡತ ನನ್ನ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು.

“ನೀನಂತೂ ಅಂದಿರಂಗಿಲ್ಲ ಬಿಡು,” ಎಂದಳು. “ನಿನ್ನ ಮುಂದ ಹೇಳಿದ್ದು ಹೊರಗ ಬೀಳಂಗಿಲ್ಲ.”

ಹೇಳಬೇಕೆಂದು ಬಾಯಿ ತೆರೆದೆ. “ರೇಣುಕಾಂದು ಹೆಂಗ?” ಎಂದು ಕೇಳಿದೆ.

“ನೋಡೂನು. ಹಂಪಿ ಕಡೆ ಹೋಟೆಲ್‌ದಾಗ ಪಾತ್ರೆ ತೊಳ್ಯಾಕ ಕರೀತಾರಂತ, ಅಲ್ಲಿ ಹುಡಿ ಇಲ್ಲ.” ಆಮೇಲೆ ನನ್ನ ಕಡತವನ್ನು ಬೆರಳಿನಿಂದ ಮುಟ್ಟಿದಳು. “ಇವೇನಾ ನಿನ್ನ ಕಾಗದ? ಕೊಟ್ರಾ? ಛಲೋ ಆತು ಬಿಡು. ಒಬ್ಬಾಕಿಯಾದ್ರೂ ಇಳಿದ್ಯಲ್ಲ.”

ಬಸ್ಸಿನಿಂದ ಹಾರಿ ಕೆಸರಿನಲ್ಲಿ ನಡೆದು ಹೋಗಿಬಿಡೋಣ ಎನ್ನಿಸಿತು. ಲಾರಿಗಳು ಬಾಗಿಲು ತೆರೆಯಲೂ ಜಾಗ ಬಿಟ್ಟಿರಲಿಲ್ಲ. ಮೂರು ತಾಸು ಹಾಗೇ ಕೂತಿದ್ದೆವು. ಅವಳು ಬುತ್ತಿ ಬಿಚ್ಚಿ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟಳು, ನಾನು ತಿಂದೆ. ನಡುನಡುವೆ ಅವಳಿಗೆ ಕೆಮ್ಮು ಬರುತ್ತಿತ್ತು. ಬಂದಾಗಲೆಲ್ಲ ಸೆರಗು ಬಾಯಿಗೊತ್ತಿ ಮುಖವನ್ನು ಆಚೆ ತಿರುಗಿಸುತ್ತಿದ್ದಳು, ನನ್ನ ಕಾಗದಗಳ ಮೇಲೆ ಬೀಳಬಾರದೆಂದು.